ಆ ಬೆಳಕು ಯಾರದು?

2022ರ ಏಪ್ರಿಲ್ 2, ಯುಗಾದಿಯ ದಿನ. ಆ ಸಂಜೆ ಏಳೂಮುಕ್ಕಾಲರ ಸುಮಾರಿಗೆ ಮಹಾರಾಷ್ಟ್ರದ ವಿದರ್ಭ ಸೀಮೆಯ ಆಕಾಶದಲ್ಲಿ ಬೆಂಕಿಯ ಸಾಲೊಂದು ನಿಧಾನವಾಗಿ ಹಾದುಹೋಯಿತು. ನಾಗಪುರ, ಅಕೋಲಾ, ಜಳಗಾಂವ್‌ಗಳ ಜನರೂ ಮಧ್ಯಪ್ರದೇಶದ ಕೆಲವು ಜಿಲ್ಲೆಗಳವರೂ ಅಂಗಳಕ್ಕೆ ಬಂದು ಅದನ್ನು ನೋಡಿದರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡಬೋರಿ ಎಂಬ ಹಳ್ಳಿಯವರಿಗೆ ಮಾತ್ರ ಅದು ಕೇವಲ ನೋಟವಾಗಿ ಉಳಿಯಲಿಲ್ಲ. ಭಾರೀ ಸದ್ದಿನೊಂದಿಗೆ ಲೋಹದ ದೊಡ್ಡ ಬಳೆಯೊಂದು ಊರಿನ ಖಾಲಿ ಜಾಗದಲ್ಲಿ ಬಂದು ಬಿದ್ದಿತು. ಅದರ ವ್ಯಾಸ ಸುಮಾರು 3 ಮೀಟರ್, ತೂಕ ಸುಮಾರು 40 ಕಿಲೋ. ಅದೇ ತಾಲ್ಲೂಕಿನ ಇನ್ನೊಂದೆಡೆ ಲೋಹದ ಗೋಲವೂ ದೊರೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದು ಯಾರ ಮುನ್ನೆಚ್ಚರಿಕೆಯ ಫಲವೂ ಆಗಿರಲಿಲ್ಲ. ಬಳೆ ಮನೆಯ ಮೇಲೆ ಬೀಳದೆ ಬಯಲಿನಲ್ಲಿ ಬಿದ್ದಿತು, ಅಷ್ಟೆ.

ಆ ರಾತ್ರಿ ಹಳ್ಳಿಗಳಲ್ಲಿ ಊಹೆಗಳು ಹುಟ್ಟಿದವು. ಉಲ್ಕಾಪಾತವೆಂದು ಕೆಲವರು ತಿಳಿದರು. ವಿಮಾನ ಉರಿದು ಬೀಳುತ್ತಿದೆಯೆಂದು, ಯಾವುದೋ ದೇಶದ ಕ್ಷಿಪಣಿಯೆಂದು ಇನ್ನು ಕೆಲವರು ಭಯಪಟ್ಟರು. ಮರುದಿನದಿಂದಲೇ ನಗರದ ವಿದ್ಯಾವಂತರ ನಗೆ ಆರಂಭವಾಯಿತು. ಹಳ್ಳಿಯವರಿಗೆ ಆಕಾಶದಲ್ಲಿ ಏನು ಕಂಡರೂ ಗಾಬರಿ, ಏನು ಬಿದ್ದರೂ ಪವಾಡ ಎಂಬ ಹಳೆಯ ಹಾಸ್ಯ ಮತ್ತೆ ಚಾಲ್ತಿಗೆ ಬಂದಿತು.

ಈ ಹಾಸ್ಯವನ್ನು ಒಪ್ಪಿಕೊಳ್ಳಲು ಕಾರಣವಿಲ್ಲ. ಹಾಗೆ ನಕ್ಕವರಿಗೂ ಆ ಬೆಳಕು ಏನೆಂಬುದು ಅಂದು ತಿಳಿದಿರಲಿಲ್ಲ.

ಊಹೆ ಅಪರಾಧವಲ್ಲ

ಘಟನೆಯ ಮೊದಲ ಗಂಟೆಗಳಲ್ಲಿ ಬಲ್ಲವರು ಹೇಳಿದ್ದೂ ಊಹೆಯನ್ನೇ. ಅದೇ ದಿನ ನ್ಯೂಜಿಲೆಂಡಿನಿಂದ ಒಂದು ರಾಕೆಟ್ ಉಡಾವಣೆಯಾಗಿತ್ತು. ಬಿದ್ದದ್ದು ಅದರದೇ ಭಾಗವಿರಬೇಕೆಂಬ ಮಾತು ಮೊದಲು ಹಬ್ಬಿತು. ಬಳಿಕ, ಉಪಗ್ರಹಗಳ ಕಕ್ಷೆಯ ಲೆಕ್ಕವಿಡುವ ಖಗೋಳಜ್ಞರು ಅದು 2021ರ ಫೆಬ್ರವರಿಯಲ್ಲಿ ಹಾರಿಸಲಾದ ಚೀನಾದ ಚಾಂಗ್ ಜೆಂಗ್ 3ಬಿ ರಾಕೆಟ್ಟಿನ ಮೂರನೆಯ ಹಂತವೆಂದು ಗುರುತಿಸಿದರು. ಒಂದು ವರ್ಷಕ್ಕೂ ಮೀರಿ ಭೂಮಿಯನ್ನು ಸುತ್ತುತ್ತಿದ್ದ ಆ ನಿರ್ಜೀವ ಲೋಹ ಕ್ರಮೇಣ ಕೆಳಗಿಳಿದು, ವಾಯುಮಂಡಲದಲ್ಲಿ ಉರಿದು, ಉರಿಯದೆ ಉಳಿದ ಭಾಗವನ್ನು ವಿದರ್ಭದ ನೆಲಕ್ಕೆ ಒಪ್ಪಿಸಿತ್ತು.

ತಜ್ಞನ ಮೊದಲ ಊಹೆ ತಪ್ಪಿದರೆ ಅದಕ್ಕೆ 'ಪ್ರಾಥಮಿಕ ಅಂದಾಜು' ಎಂಬ ಗೌರವದ ಹೆಸರಿದೆ. ರೈತನ ಮೊದಲ ಊಹೆ ತಪ್ಪಿದರೆ ಅದಕ್ಕೆ 'ಮೂಢನಂಬಿಕೆ' ಎಂಬ ಬಿರುದು. ಈ ಎರಡು ಅಳತೆಗೋಲುಗಳನ್ನು ವಿದ್ಯಾರ್ಥಿಗಳು ಮೊದಲು ಪ್ರಶ್ನಿಸಬೇಕು. ಕಂಡದ್ದನ್ನು ಗಮನಿಸುವುದು, ಬಲ್ಲ ಸಂಗತಿಗಳೊಡನೆ ಹೋಲಿಸುವುದು, ಕಾರಣವನ್ನು ಊಹಿಸುವುದು, ಬಳಿಕ ಪರೀಕ್ಷಿಸುವುದು ವಿಜ್ಞಾನದ ದಾರಿ. ಮೊದಲ ಮೂರು ಹೆಜ್ಜೆಗಳನ್ನು ಲಾಡಬೋರಿಯ ಜನ ಇಟ್ಟಿದ್ದರು. ನಾಲ್ಕನೆಯ ಹೆಜ್ಜೆಗೆ ಬೇಕಾದ ಮಾಹಿತಿ ಅವರ ಕೈಯಲ್ಲಿರಲಿಲ್ಲ. ಅದು ಇದ್ದದ್ದು ಬೇರೆಯವರ ಗಣಕಯಂತ್ರಗಳಲ್ಲಿ.

ಮೇಲಾಗಿ, ಹಳ್ಳಿಯ ಜನಕ್ಕೆ ಆಕಾಶ ಅಪರಿಚಿತವೂ ಅಲ್ಲ. ಕರ್ನಾಟಕದ ರೈತ ಮಳೆಯನ್ನು ಇಂದಿಗೂ ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾನೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಕಂತುಗಳಲ್ಲಿ ಬಿತ್ತನೆ, ನಾಟಿ, ಕಳೆಗಳ ಲೆಕ್ಕ ಹಾಕುತ್ತಾನೆ. ಗಡಿಯಾರ ಬರುವ ಮುನ್ನ ಹೊಲ ಕಾಯುವವರು ಬೆಳ್ಳಿಯನ್ನೂ ಕೃತ್ತಿಕೆಯ ಗೊಂಚಲನ್ನೂ ನೋಡಿ ರಾತ್ರಿಯ ಜಾವವನ್ನು ಅಳೆದರು. ಇಂತಹ ಜನ ಆಕಾಶದಲ್ಲಿ ಹೊಸದೇನನ್ನೋ ಕಂಡು ತಬ್ಬಿಬ್ಬಾದರೆ ಅದಕ್ಕೆ ಅವರ ಅಜ್ಞಾನವೇ ಕಾರಣವಾಗಬೇಕಿಲ್ಲ. ಆಕಾಶವೇ ಬದಲಾಗಿದೆ, ಬದಲಿಸಿದವರು ತಿಳಿಸಿಲ್ಲ.

ಮೂರು ಬೆಳಕು, ಮೂರು ಮೌನ

ಲಾಡಬೋರಿಯ ಘಟನೆ ಒಂಟಿಯಲ್ಲ. ಅದರ ಹಿಂದೆ ಮುಂದೆ ಒಂದೇ ವರ್ಷದೊಳಗೆ ಭಾರತದ ಆಕಾಶದಲ್ಲಿ ಇನ್ನೆರಡು ಬೆಳಕುಗಳು ಜನರನ್ನು ಬೀದಿಗೆ ತಂದವು.

ಮೊದಲನೆಯದು 2021ರ ಡಿಸೆಂಬರಿನದು. ಕರ್ನಾಟಕದ ಕರಾವಳಿಯ ಜನ ರಾತ್ರಿಯ ಆಕಾಶದಲ್ಲಿ ದೀಪಗಳ ರೈಲಿನಂತಹ ಒಂದು ಸಾಲನ್ನು ಕಂಡರು. ಅದೇ ತಿಂಗಳು ಉತ್ತರ ಭಾರತದ ಕೆಲವೆಡೆಯೂ ಅಂತಹ ಸಾಲು ಕಾಣಿಸಿತು. ಹಾರುವ ತಟ್ಟೆ, ಶತ್ರುವಿನ ಯಂತ್ರ, ದೈವದ ಸೂಚನೆ ಎಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ವಾಸ್ತವದಲ್ಲಿ ಅದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳ ಮಾಲೆ. ಒಂದೇ ರಾಕೆಟ್ಟಿನಿಂದ ಐವತ್ತು ಅರವತ್ತು ಉಪಗ್ರಹಗಳನ್ನು ಬಿಟ್ಟಾಗ ಮೊದಲ ಕೆಲವು ದಿನ ಅವು ಒಂದರ ಹಿಂದೊಂದು ಸಾಗುತ್ತವೆ, ಬಳಿಕ ಸುಮಾರು 550 ಕಿಲೋಮೀಟರ್ ಎತ್ತರಕ್ಕೇರಿ ಚದುರುತ್ತವೆ. ನೆಲದ ಮೇಲೆ ಕತ್ತಲಾದರೂ ಅಷ್ಟೆತ್ತರದಲ್ಲಿ ಬಿಸಿಲಿರುತ್ತದೆ. ಆ ಬಿಸಿಲು ಅವುಗಳ ಮೈಮೇಲೆ ಪ್ರತಿಫಲಿಸಿ ಬೆಳಕಾಗಿ ಕಾಣುತ್ತದೆ. ಆದುದರಿಂದಲೇ ಇಂತಹ ನೋಟಗಳು ಬಹುತೇಕ ಸೂರ್ಯಾಸ್ತದ ನಂತರದ ಅಥವಾ ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆಗಳಲ್ಲಿ ಕಾಣಸಿಗುತ್ತವೆ. ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಈ ಮಾಲೆ ಹಾಯುವುದೆಂಬುದನ್ನು ಬಹುಮಟ್ಟಿಗೆ ಮೊದಲೇ ಲೆಕ್ಕ ಹಾಕಬಹುದು. ಲೆಕ್ಕ ಇತ್ತು, ಕರಾವಳಿಯ ಹಳ್ಳಿಗೆ ಅದು ಬರಲಿಲ್ಲ.

ಎರಡನೆಯದು 2022ರ ಡಿಸೆಂಬರ್ 15ರದು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪಶ್ಚಿಮ ಬಂಗಾಳವೂ ಸೇರಿ ಪೂರ್ವ ಭಾರತದ ಹಲವೆಡೆ ಆಕಾಶದಲ್ಲಿ ಟಾರ್ಚಿನ ಬೆಳಕಿನಂತೆ ಹರಡಿದ ಹೊಗೆಯ ಹೊಳಪು ಕಾಣಿಸಿತು. ಅಂದು ಒಡಿಶಾದ ಕರಾವಳಿಯಿಂದ ಅಗ್ನಿ-5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು. ಬಂಗಾಳ ಕೊಲ್ಲಿಯ ಆ ಭಾಗವನ್ನು ತಪ್ಪಿಸುವಂತೆ ವಿಮಾನಗಳಿಗೆ ಮುಂಚಿತವಾಗಿಯೇ ಸೂಚನೆ ಹೊರಟಿತ್ತು. ರಕ್ಷಣೆಯ ವಿಷಯದಲ್ಲಿ ಎಲ್ಲವನ್ನೂ ಸಾರಲಾಗದು, ನಿಜ. ಆದರೆ ವಿಮಾನ ಚಾಲಕರಿಗೆ ತಿಳಿಸಬಹುದಾದ ಸಂಗತಿಯನ್ನು ಕೆಳಗಿನ ಜನರಿಗೆ, ಘಟನೆಯ ಅರ್ಧ ಗಂಟೆಯ ನಂತರವಾದರೂ, ಅವರ ಭಾಷೆಯಲ್ಲಿ ತಿಳಿಸಲು ಯಾವ ರಹಸ್ಯ ಅಡ್ಡ ಬರುತ್ತದೆ?

ಮೂರನೆಯದು ಲಾಡಬೋರಿಯದೇ. ಇಲ್ಲಿ ವಿಜ್ಞಾನಕ್ಕೂ ಮಿತಿಯಿದೆ ಎಂಬುದನ್ನು ಒಪ್ಪಬೇಕು. ಕಕ್ಷೆಯಿಂದ ಇಳಿಯುವ ವಸ್ತು ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಬೀಳುವ ಹೊತ್ತಿನ ಅಂದಾಜಿನಲ್ಲಿ ಒಂದು ಗಂಟೆ ತಪ್ಪಿದರೆ ಸ್ಥಳದ ಅಂದಾಜಿನಲ್ಲಿ 28 ಸಾವಿರ ಕಿಲೋಮೀಟರ್ ತಪ್ಪುತ್ತದೆ. ಎಲ್ಲಿ ಬೀಳುವುದೆಂದು ಹೇಳಲಾಗದು ಎಂದು ಉಡಾಯಿಸಿದವರು ಕೈಚೆಲ್ಲುವುದು ಇದೇ ಲೆಕ್ಕದ ಆಧಾರದ ಮೇಲೆ. ಆದರೆ ಈ ಲೆಕ್ಕ ಅವರ ಪರವಾಗಿ ಸಾಕ್ಷಿ ನುಡಿಯುವುದಿಲ್ಲ. ಎಲ್ಲಿ ಬೀಳುವುದೆಂದು ತಿಳಿಯದ ವಸ್ತುವನ್ನು ಮೇಲೇರಿಸುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು? ರಾಕೆಟ್ಟಿನ ಖಾಲಿ ಹಂತಗಳನ್ನು ಇಂಧನ ಉಳಿಸಿಕೊಂಡು ನಿಯಂತ್ರಿತವಾಗಿ ನಿರ್ಜನ ಸಾಗರಕ್ಕೆ ಇಳಿಸುವ ತಂತ್ರಜ್ಞಾನ ಇದೆ. ಅದಕ್ಕೆ ಖರ್ಚಾಗುತ್ತದೆ. ಆ ಖರ್ಚನ್ನು ಉಳಿಸಿದಾಗ ಉಳಿದ ಅಪಾಯ ಲಾಡಬೋರಿಯ ಪಾಲಾಗುತ್ತದೆ.

ಅಪಾಯದ ಹಂಚಿಕೆ

ಈ ಅಪಾಯವೂ ಸಮನಾಗಿ ಹಂಚಿಕೆಯಾಗಿಲ್ಲ. 2022ರಲ್ಲಿ 'ನೇಚರ್ ಆಸ್ಟ್ರಾನಮಿ' ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಅನಿಯಂತ್ರಿತವಾಗಿ ಬೀಳುವ ರಾಕೆಟ್ ಭಾಗಗಳ ಕಕ್ಷೆಗಳನ್ನು ಪರಿಶೀಲಿಸಿತು. ಸದ್ಯದ ಪದ್ಧತಿಯೇ ಮುಂದುವರಿದರೆ ಒಂದು ದಶಕದಲ್ಲಿ ಒಂದೋ ಹೆಚ್ಚೋ ಜನ ಸಾಯುವ ಅಥವಾ ಗಾಯಗೊಳ್ಳುವ ಸಂಭವ ಶೇಕಡಾ 10ರಷ್ಟಿದೆ ಎಂದು ಅದು ಅಂದಾಜಿಸಿತು. ಜಕಾರ್ತಾ, ಢಾಕಾ, ಲಾಗೋಸ್‌ಗಳಿರುವ ಅಕ್ಷಾಂಶಗಳಲ್ಲಿ ಈ ಅಪಾಯ ನ್ಯೂಯಾರ್ಕ್, ಬೀಜಿಂಗ್, ಮಾಸ್ಕೋಗಳ ಅಕ್ಷಾಂಶಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂಬುದು ಅದರ ಇನ್ನೊಂದು ನಿರ್ಣಯ. ಅಂದರೆ ಹಾರಿಸುವವರು ಒಂದೆಡೆ, ತಲೆ ಒಡ್ಡುವವರು ಇನ್ನೊಂದೆಡೆ. 2020ರ ಮೇ ತಿಂಗಳಲ್ಲಿ ಚೀನಾದ ಬೇರೊಂದು ರಾಕೆಟ್ಟಿನದೆಂದು ನಂಬಲಾದ ಕೊಳವೆಗಳು ಬಿದ್ದದ್ದು ಆಫ್ರಿಕದ ಐವರಿ ಕೋಸ್ಟಿನ ಹಳ್ಳಿಗಳಲ್ಲಿ.

ಕಾನೂನು ಇಲ್ಲವೆಂದಲ್ಲ. 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಬಾಹ್ಯಾಕಾಶ ವಸ್ತು ನೆಲದ ಮೇಲೆ ಉಂಟುಮಾಡುವ ಹಾನಿಗೆ ಉಡಾವಣೆ ಮಾಡಿದ ದೇಶವೇ ಪೂರ್ಣ ಹೊಣೆ, ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿಲ್ಲ. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಪರಮಾಣು ಶಕ್ತಿಯ ಉಪಗ್ರಹ ಕಾಸ್ಮೋಸ್ 954 ಕೆನಡಾದ ಉತ್ತರ ಭಾಗದಲ್ಲಿ ಚೂರಾಗಿ ಬಿದ್ದಾಗ ಕೆನಡಾ ಪರಿಹಾರ ಕೇಳಿತು. 1981ರಲ್ಲಿ 30 ಲಕ್ಷ ಕೆನಡಿಯನ್ ಡಾಲರು ಪಡೆಯಿತು. ಆದರೆ ಈ ಒಪ್ಪಂದದಡಿ ದಾವೆ ಹೂಡಬೇಕಾದದ್ದು ದೇಶ, ಹಳ್ಳಿಯಲ್ಲ. ಹಳ್ಳಿಯ ಪರವಾಗಿ ದೇಶ ಬಾಯಿ ತೆರೆಯದಿದ್ದರೆ ಒಪ್ಪಂದ ಕಾಗದದಲ್ಲಿಯೇ ಉಳಿಯುತ್ತದೆ.

ಬೇರೆಯವರತ್ತ ಮಾತ್ರ ಬೆರಳು ತೋರಿಸಿದರೆ ನ್ಯಾಯವಾಗದು. 2023ರ ಜುಲೈಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರಕ್ಕೆ ತೇಲಿಬಂದ ದೊಡ್ಡ ಲೋಹದ ಗುಡಾಣ ಭಾರತದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೆಯ ಹಂತದ್ದು. ಅಲ್ಲಿನ ಜನವೂ ಅದರ ಸುತ್ತ ನಿಂತು ಊಹಿಸಿದರು. 2019ರ ಮಾರ್ಚ್ 27ರಂದು ಭಾರತ ತನ್ನದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಒಡೆದು ಕಕ್ಷೆಯಲ್ಲಿ ಚೂರುಗಳನ್ನು ಹರಡಿತು. ಹಾರಿಸುವವರ ಸಾಲಿನಲ್ಲಿ ಭಾರತವೂ ನಿಂತಿರುವಾಗ ಬೀಳಿಸಿಕೊಳ್ಳುವವರ ನೋವನ್ನು ಅದು ಇನ್ನಷ್ಟು ಚೆನ್ನಾಗಿ ಅರಿಯಬೇಕಲ್ಲವೇ?

ಮೇಲಿನ ಗೋಮಾಳ

ಮಲೆನಾಡಿನ ಜನಕ್ಕೆ ಈ ಕಥೆ ಹೊಸದಲ್ಲ. ಗೋಮಾಳ, ಕಾನು, ಸೊಪ್ಪಿನ ಬೆಟ್ಟಗಳ ಚರಿತ್ರೆಯಲ್ಲಿ ಇದೇ ಕಥೆಯಿದೆ. ಎಲ್ಲರೂ ಬಳಸುವ ನೆಲ ದಾಖಲೆಯಲ್ಲಿ ಯಾರದೂ ಅಲ್ಲದ ನೆಲವಾಗುತ್ತದೆ. ಯಾರದೂ ಅಲ್ಲದ್ದು ಮೊದಲು ಬಂದ ಬಲಶಾಲಿಯದಾಗುತ್ತದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಗಿ ಸಾಮುದಾಯಿಕ ಭೂಮಿಯನ್ನು ಸಾವಿರಾರು ಹೆಕ್ಟೇರುಗಳ ಲೆಕ್ಕದಲ್ಲಿ ನೀಲಗಿರಿ ನೆಡುತೋಪಿಗೆ ಒಪ್ಪಿಸಿದಾಗ ಹಳ್ಳಿಗರನ್ನು ಯಾರೂ ಕೇಳಿರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದವರು ಮೊದಲು ಎತ್ತಿದ ಪ್ರಶ್ನೆ ಯಾವ ಮರ ಎಂಬುದಾಗಿರಲಿಲ್ಲ. ಯಾರ ನೆಲ, ಯಾರನ್ನು ಕೇಳಿ ಕೊಟ್ಟಿರಿ ಎಂಬುದಾಗಿತ್ತು. ಆ ಪ್ರಶ್ನೆಯ ಬಲದಿಂದಲೇ 1991ರಲ್ಲಿ ಆ ಕಂಪನಿ ಮುಚ್ಚಬೇಕಾಯಿತು.

ಆಕಾಶವೂ ಅಂತಹುದೇ ಗೋಮಾಳ. 1967ರ ಬಾಹ್ಯಾಕಾಶ ಒಪ್ಪಂದ ಅದನ್ನು ಯಾವ ದೇಶವೂ ತನ್ನದೆನ್ನುವಂತಿಲ್ಲ ಎಂದು ಸಾರುತ್ತದೆ. ಆದರೆ ಬಳಕೆಯಿಂದಲೇ ಅತಿಕ್ರಮಣ ನಡೆಯುತ್ತಿದೆ. ಸ್ಟಾರ್‌ಲಿಂಕಿನ ಮೊದಲ 60 ಉಪಗ್ರಹಗಳ ಕಂತು ಮೇಲೇರಿದ್ದು 2019ರ ಮೇ ತಿಂಗಳಲ್ಲಿ. 2025ರ ವೇಳೆಗೆ ಆ ಒಂದೇ ಕಂಪನಿಯ ಕಾರ್ಯನಿರತ ಉಪಗ್ರಹಗಳು ಏಳು ಸಾವಿರವನ್ನು ದಾಟಿದ್ದವು. ಅಮಾವಾಸ್ಯೆಯ ನಿರ್ಮಲ ರಾತ್ರಿಯಲ್ಲಿ ಒಂದು ಊರಿನಿಂದ ಬರಿಗಣ್ಣಿಗೆ ಒಮ್ಮೆಗೆ ಕಾಣುವ ನಕ್ಷತ್ರಗಳು ಹೆಚ್ಚೆಂದರೆ ಎರಡು ಮೂರು ಸಾವಿರ. ಎಲ್ಲ ಉಪಗ್ರಹಗಳೂ ಎಲ್ಲ ಊರಿಗೂ ಕಾಣುವುದಿಲ್ಲ. ಆದರೂ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸುವುದು ಅಗತ್ಯ.

ಒಂದೊಂದು ಉಪಗ್ರಹದ ಆಯುಷ್ಯ ಸುಮಾರು ಐದು ವರ್ಷ. ಅನಂತರ ಅದನ್ನು ಇಳಿಸಿ ವಾಯುಮಂಡಲದಲ್ಲಿ ಸುಡಲಾಗುತ್ತದೆ. ಸುಟ್ಟದ್ದು ಇಲ್ಲವಾಗುವುದಿಲ್ಲ ಎಂಬುದನ್ನು ಕಸಕ್ಕೆ ಬೆಂಕಿಯಿಟ್ಟ ಪ್ರತಿಯೊಬ್ಬರೂ ಬಲ್ಲರು. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ಎತ್ತರದ ಸ್ತರಗೋಲದಲ್ಲಿ ಸಂಗ್ರಹಿಸಿದ ಗಂಧಕಾಮ್ಲದ ಕಣಗಳನ್ನು ಪರೀಕ್ಷಿಸಿದಾಗ ಸುಮಾರು ಶೇಕಡಾ 10ರಷ್ಟು ಕಣಗಳಲ್ಲಿ ಉರಿದ ರಾಕೆಟ್ ಮತ್ತು ಉಪಗ್ರಹಗಳಿಂದ ಬಂದ ಅಲ್ಯೂಮಿನಿಯಂ ಮುಂತಾದ ಲೋಹಗಳು ಕಂಡುಬಂದವು. ಓಜೋನ್ ಪದರವಿರುವ ಸ್ತರವೂ ಅದೇ.

ಪ್ರಗತಿಯ ವಾದ

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಉಪಗ್ರಹ ಬೇಡವೆನ್ನುವವರು ಚಂಡಮಾರುತದ ಮುನ್ಸೂಚನೆಯನ್ನೂ ಬೇಡವೆನ್ನುವರೇ? ಮಲೆನಾಡಿನ ಮೂಲೆಯಲ್ಲಿ ಸಿಗ್ನಲ್ ಸಿಗದೆ ಕೊರೊನಾದ 2020 ಮತ್ತು 2021ರಲ್ಲಿ ಮಕ್ಕಳು ಗುಡ್ಡವೇರಿ ಪಾಠ ಕೇಳಿದ್ದನ್ನು ಮರೆಯಬಹುದೇ?

ಮರೆಯಲಾಗದು. ಮೀನುಗಾರನ ಜೀವ ಉಳಿಸುವ ಹವಾಮಾನ ಉಪಗ್ರಹವನ್ನು ಯಾವ ಪರಿಸರವಾದಿಯೂ ವಿರೋಧಿಸುವುದಿಲ್ಲ. ಗುಡ್ಡವೇರಿದ ಮಕ್ಕಳಿಗೆ ಸಂಪರ್ಕ ಬೇಕೇಬೇಕು. ಆದರೆ ಅದಕ್ಕೆ ಪ್ರತಿ ಐದು ವರ್ಷಕ್ಕೊಮ್ಮೆ ಸಾವಿರಾರು ಉಪಗ್ರಹಗಳನ್ನು ಸುಟ್ಟು ಮತ್ತೆ ಹಾರಿಸುವುದೊಂದೇ ಮಾರ್ಗವೇ? ನೆಲದಡಿಯ ತಂತಿಯನ್ನು ಗ್ರಾಮ ಪಂಚಾಯಿತಿಯ ಬಾಗಿಲಿನಿಂದ ಮುಂದಿನ ಕೇರಿಗೆ ಎಳೆಯುವ ಕೆಲಸ ಏಕೆ ಮುಗಿಯಲಿಲ್ಲ? ಸ್ಟಾರ್‌ಲಿಂಕಿಗೆ ಭಾರತದಲ್ಲಿ ಸೇವೆ ನೀಡಲು 2025ರಲ್ಲಿ ಪರವಾನಗಿ ದೊರೆತಾಗ ಚರ್ಚೆ ನಡೆದದ್ದು ತರಂಗಾಂತರದ ಶುಲ್ಕ, ಸ್ಪರ್ಧೆ, ಭದ್ರತೆಗಳ ಕುರಿತು. ರಾತ್ರಿಯ ಆಕಾಶದ ಕುರಿತು ಒಂದು ಸಾರ್ವಜನಿಕ ಅಹವಾಲೂ ನಡೆಯಲಿಲ್ಲ. ಅಣೆಕಟ್ಟಿಗೂ ಗಣಿಗೂ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾದದ್ದು ಬಹಳ ಹೋರಾಟದ ಬಳಿಕ. ಆಕಾಶಕ್ಕೆ ಅಂತಹ ಹೋರಾಟ ಇನ್ನೂ ಆರಂಭವಾಗಬೇಕಿದೆ.

ಅಂಗಳದ ದೀಪ

ಮೇಲಿನವರನ್ನು ಪ್ರಶ್ನಿಸುವ ಹಕ್ಕು ಗಟ್ಟಿಯಾಗಬೇಕಾದರೆ ಕೆಳಗಿನ ದೀಪವನ್ನೂ ನೋಡಬೇಕು. ಪ್ರವಾಸಿಗರಿಗಾಗಿ ಗುಡ್ಡದ ನೆತ್ತಿಯಲ್ಲಿ ರಾತ್ರಿಯಿಡೀ ಉರಿಯುವ ಹೊನಲು ದೀಪಗಳೂ ಜಾತ್ರೆಯಲ್ಲಿ ಮೋಡಕ್ಕೆ ಚುಚ್ಚುವ ಲೇಸರ್ ಕಿರಣಗಳೂ ಇದೇ ಆಕಾಶದ ಮೇಲಿನ ಅತಿಕ್ರಮಣಗಳೇ. ದೂರದ ಊರಿನವರು ಅವನ್ನು ಕಂಡು ವಿಚಿತ್ರ ಬೆಳಕೆಂದು ಊಹಿಸುವುದೂ ಉಂಟು. ಹಗಲು ಕಿರಿದಾಗುವುದನ್ನು ಗುರುತಿಸಿ ತೆನೆ ಬಿಡುವ ಸಾಂಪ್ರದಾಯಿಕ ಭತ್ತದ ತಳಿಗಳು ದೀಪದ ಕಂಬದ ಬುಡದಲ್ಲಿ ತಡವಾಗಿ ತೆನೆ ಬಿಡುತ್ತವೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೀದಿದೀಪವಿಟ್ಟ ತಾಕುಗಳಿಗೆ ರಾತ್ರಿಯ ಪರಾಗಸ್ಪರ್ಶಿ ಕೀಟಗಳ ಭೇಟಿ ಶೇಕಡಾ 62ರಷ್ಟು ಕುಸಿಯಿತು. ಅಲ್ಲಿನ ಒಂದು ಸಸ್ಯದ ಕಾಯಿಕಟ್ಟುವಿಕೆ ಶೇಕಡಾ 13ರಷ್ಟು ಇಳಿಯಿತು. ಮಿಂಚಿನ ಸಂಕೇತದಿಂದಲೇ ಸಂಗಾತಿಯನ್ನು ಹುಡುಕುವ ಮಿಂಚುಹುಳುವಿನ ಗತಿಯನ್ನು ಹೇಳಬೇಕಾಗಿಲ್ಲ.

ಪರಿಹಾರ ದುಬಾರಿಯಲ್ಲ. ಲಾಡಬೋರಿ ಇರುವ ಅದೇ ವಿದರ್ಭದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ 2024ರ ಜನವರಿಯಲ್ಲಿ ಭಾರತದ ಮೊದಲ 'ಕತ್ತಲಾಕಾಶ ಉದ್ಯಾನ'ವೆಂಬ ಮನ್ನಣೆ ಪಡೆಯಿತು. ಕಾಡಂಚಿನ ಹಳ್ಳಿಗಳ ದೀಪಗಳನ್ನು ಬದಲಿಸಿ ಬೆಳಕು ನೆಲಕ್ಕೇ ಬೀಳುವಂತೆ ಮಾಡಿದ್ದು ಅದಕ್ಕೆ ಆಧಾರವಾಯಿತು. ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶಕ್ಕೆ 2022ರಲ್ಲಿಯೇ ಅಂತಹ ರಕ್ಷಣೆ ದೊರೆತಿತ್ತು. ಪಶ್ಚಿಮಘಟ್ಟದ ಒಂದು ಗ್ರಾಮಸಭೆ ಇಂತಹ ಠರಾವನ್ನು ಅಂಗೀಕರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆಗಬೇಕಾದುದು

ಮೊದಲನೆಯದಾಗಿ, ಕಾಣುವ ಬೆಳಕಿಗೆ ಮುನ್ಸೂಚನೆ ಬೇಕು. ಬಾಹ್ಯಾಕಾಶ ವಸ್ತುಗಳ ಮೇಲೆ ಕಣ್ಣಿಡುವ ಇಸ್ರೋ ಕೇಂದ್ರ 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಗಿದೆ. 2023ರಲ್ಲಿ ಮೊಬೈಲ್ ಫೋನುಗಳು ಮೊಳಗಿ ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ನಡೆದದ್ದನ್ನು ಜನ ಕೇಳಿದ್ದಾರೆ. ಲೆಕ್ಕ ಹಾಕುವವರೂ ಇದ್ದಾರೆ, ತಲುಪಿಸುವ ತಂತಿಯೂ ಇದೆ. ಎರಡನ್ನೂ ಜೋಡಿಸಿ ಕನ್ನಡದಲ್ಲಿ ನಾಲ್ಕು ಸಾಲು ಕಳುಹಿಸಲಿ.

ಎರಡನೆಯದಾಗಿ, ಬಿದ್ದ ವಸ್ತುವಿನ ಬಗ್ಗೆ ಪ್ರತಿ ಪಂಚಾಯಿತಿಗೂ ಸ್ಪಷ್ಟ ಸೂಚನೆಯಿರಲಿ. ರಾಕೆಟ್ಟಿನ ಕೆಲವು ತೊಟ್ಟಿಗಳಲ್ಲಿ ಹೈಡ್ರಜೀನ್ ಎಂಬ ವಿಷಕಾರಿ ಇಂಧನ ಉಳಿದಿರಬಹುದು. ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಪೊಲೀಸರಿಗೂ ತಹಸೀಲ್ದಾರರಿಗೂ ತಿಳಿಸಬೇಕೆಂಬ ಸಂಗತಿ ಶಾಲೆಯ ಗೋಡೆಯ ಮೇಲಿರಲಿ.

ಮೂರನೆಯದಾಗಿ, 2023ರ ಬಾಹ್ಯಾಕಾಶ ನೀತಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದೆ. ಬಾಗಿಲು ತೆರೆದ ಮೇಲೆ ಹೊಣೆಗಾರಿಕೆಯೂ ಕಾನೂನಿನಲ್ಲಿ ಬರೆದಿರಬೇಕು. ಅನಿಯಂತ್ರಿತ ಪತನಕ್ಕೆ ನಿಷೇಧ, ಹಾನಿಗೊಳಗಾದವರಿಗೆ ನೇರ ಪರಿಹಾರ, ಆಕಾಶದ ಮೇಲಿನ ಪರಿಣಾಮದ ಸಾರ್ವಜನಿಕ ಅಧ್ಯಯನ ಅದರಲ್ಲಿರಬೇಕು.

ನಾಲ್ಕನೆಯದು ವಿದ್ಯಾರ್ಥಿಗಳ ಕೆಲಸ. ಪ್ರತಿ ಶಾಲೆಯಲ್ಲಿ ರಾತ್ರಿಯ ಆಕಾಶಕ್ಕೊಂದು ದಿನಚರಿ ಪುಸ್ತಕವಿರಲಿ. ಬೆಳಕು ಕಂಡ ದಿನ, ಗಂಟೆ, ದಿಕ್ಕು, ಎಷ್ಟು ಹೊತ್ತು ಕಂಡಿತು, ಮಿನುಗಿತೇ, ಚಲಿಸಿತೇ, ಒಡೆಯಿತೇ ಎಂದು ಬರೆಯಲಿ. ಕೆಂಪು ಹಸಿರಾಗಿ ಮಿಟುಕಿದರೆ ಅದು ವಿಮಾನ. ಮಿಟುಕದೆ ಸಮವೇಗದಲ್ಲಿ ನಾಲ್ಕಾರು ನಿಮಿಷ ಸಾಗಿದರೆ ಉಪಗ್ರಹ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೆ ಉಲ್ಕೆ. ನಿಧಾನವಾಗಿ ಸಾಗುತ್ತ ಚೂರುಚೂರಾದರೆ ಬೀಳುತ್ತಿರುವ ರಾಕೆಟ್ಟಿನ ತುಂಡು. ಕದಲದೆ ಪಡುವಣದಲ್ಲೋ ಮೂಡಣದಲ್ಲೋ ಪ್ರಖರವಾಗಿ ನಿಂತರೆ ಬಹುಮಟ್ಟಿಗೆ ಶುಕ್ರ, ಹಳ್ಳಿಯ ಹಳೆಯ ಬೆಳ್ಳಿ. ದೂರದರ್ಶನದ ಪರದೆಯಲ್ಲಿ ಗ್ರಹಚಾರ ಹೇಳುವವರ ಬಾಯಿಗೆ ಈ ಪುಸ್ತಕಕ್ಕಿಂತ ದೊಡ್ಡ ಬೀಗವಿಲ್ಲ. ಕೇಳಲು ಹೋದಾಗ ಕಚೇರಿಯ ಮೇಜಿನ ಮೇಲೆ ಇಡಬಹುದಾದ ಸಾಕ್ಷಿಯೂ ಅದೇ.

ಇನ್ನು ಮುಂದೆಯೂ ವಿಚಿತ್ರ ಬೆಳಕುಗಳು ಕಾಣುತ್ತವೆ, ಜನ ಅಂಗಳಕ್ಕೆ ಬಂದು ತಲೆಯೆತ್ತುತ್ತಾರೆ. 'ಏನದು?' ಎಂದು ಧಾರಾಳವಾಗಿ ಕೇಳಲಿ, ಊಹಿಸಲಿ, ವಾದಿಸಲಿ. ಉತ್ತರ ದೊರೆತ ಮೇಲೆ ಸುಮ್ಮನೆ ಒಳಗೆ ಹೋಗದೆ, 'ಯಾರದು? ಯಾರನ್ನು ಕೇಳಿ ಹಾರಿಸಿದರು?' ಎಂದೂ ಕೇಳಲಿ. ಕುಸನೂರಿನಲ್ಲಿ ನೆಲದ ಬಗ್ಗೆ ಕೇಳಿದ ಪ್ರಶ್ನೆ ಆಕಾಶದ ಬಗ್ಗೆಯೂ ಸಲ್ಲುತ್ತದೆ.